ಕಾವು ಬಿಡಿಸಿದ ಕಪ್ಪು ಹೇಂಟೆ

ಬಾವ್-ಲಿಯೆನ್ ಅಕ್ಕನಿಗೆ,

ಒಂದೇ ಗೋಡೆಯ ಆಚೀಚೆ ಇರುವ ಓರಗಿತ್ತಿಯರಿಗೆ ಕಾಗದವೇಕೆ ಎನ್ನುತ್ತೀರೇನೋ. ಎದುರು ನಿಂತು ಹೇಳುವ ಮುಖ ನನಗಿಲ್ಲ.

ನನ್ನ ಕಪ್ಪು ಹೇಂಟೆ ಕಾವಿಗೆ ಕೂತು ಮೊಟ್ಟೆಯಿಡುವುದು ನಿಲ್ಲಿಸಿದಾಗ, ಕಾವು ಬಿಡಿಸಲು ನಮ್ಮತ್ತೆ ಮಾಡುತ್ತಿದ್ದಂತೆಯೇ ಮಾಡಿದೆ. ನಾಲ್ಕು ದಿನ ಅದರ ಹೊಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹುಲ್ಲಿಲ್ಲದ ಬುಟ್ಟಿಯಲ್ಲಿ ಸೂರಿಗೆ ತೂಗುಹಾಕಿದೆ. ಕಾವು ಬಿಟ್ಟಿತು. ಕೆಲವು ದಿನಗಳಲ್ಲಿ ಮೊಟ್ಟೆಯಿಟ್ಟ ಕೂಗೂ ಕೇಳಿತು. ಗೂಡಿನಲ್ಲಿ ನೋಡಿದರೆ ಮೊಟ್ಟೆಯಿಲ್ಲ. ಆಮೇಲೆ ಹೇಂಟೆಯೂ ಇಲ್ಲ.

ಅದೇ ವಾರ ನಿಮ್ಮ ಸೊಸೆ ಹೆತ್ತಳು. ಎಳ್ಳೆಣ್ಣೆ, ಶುಂಠಿ, ಅಕ್ಕಿಯ ಮದ್ಯದಲ್ಲಿ ಬೆಂದ ಕೋಳಿಯ ವಾಸನೆ ಗೋಡೆ ಹಾರಿ ಬಂತು. ನೀವು ನನಗೂ ಒಂದು ಬಟ್ಟಲು ತಂದಿರಿ. ಬಾಯಿ ಮುಚ್ಚಿಸಲು ತಂದಿದ್ದಾರೆ ಎಂದುಕೊಂಡೆ. ತಿನ್ನದೆ ಊಟದ ಕಡ್ಡಿಯಿಂದ ಕೆದಕಿದೆ, ಚರ್ಮ ನನ್ನ ಹೇಂಟೆಯದರಂತೆಯೇ ಕಪ್ಪು. ಬಾಣಂತಿಗೆ ಎಲ್ಲರೂ ಕಪ್ಪು ಚರ್ಮದ ಕೋಳಿಯನ್ನೇ ತರುತ್ತಾರೆಂಬುದು ನೆನಪಾಗಲಿಲ್ಲ. ನಿಮ್ಮ ಕಸದಲ್ಲಿ ಪುಕ್ಕ ಹುಡುಕಿದೆ. ಸಿಗಲಿಲ್ಲ. ಸುಟ್ಟಿದ್ದಾರೆ ಎಂದುಕೊಂಡೆ.

ಕಾಲುವೆಯ ಬಳಿ ಬಟ್ಟೆ ಒಗೆಯುವಾಗ ಎಲ್ಲರೆದುರು, "ಕದ್ದ ಕೋಳೀಲಿ ಬಾಣಂತನ ಮಾಡಿದ್ರೆ ಹಾಲು ಇಳಿಯುತ್ತಾ ಅಕ್ಕ?" ಎಂದುಬಿಟ್ಟೆ. ನೀವು ಬಟ್ಟೆ ಹಿಂಡಿ ಮುಗಿಸಿದಿರಿ. "ಚಿನ್-ಯೇ, ದೇವ್ರ ಮುಂದೆ ಹುಂಜದ ತಲೆ ಕಡೀತೀನಿ. ನಾನು ಕದ್ದಿದ್ರೆ ನನ್ನ ಕತ್ತೂ ಹಂಗೇ ಹೋಗ್ಲಿ. ಕದ್ದಿಲ್ದಿದ್ರೆ ನೀನೇನ್ ಮಾಡ್ತೀಯ, ಈಗ್ಲೇ ಯೋಚಿಸಿಟ್ಕೋ," ಎಂದಿರಿ.

ಊರು ಕಾಯುವ ಚೆಂಗ್-ಹ್ವಾಂಗ್ ದೇವರ ಗುಡಿಯ ಅಂಗಳದಲ್ಲಿ ಕತ್ತಿ ಹಿಡಿದ ನಿಮ್ಮ ಕೈ ನಡುಗಿತು. ಹಬ್ಬಕ್ಕೂ ನಿಮ್ಮ ಕೈಯಾರೆ ಕೋಳಿ ಕೊಯ್ಯದವರು ನೀವು, ಆದರೂ ಹುಂಜದ ತಲೆ ಕಡಿದಿರಿ. ನಾನು ಆ ನಡುಕವನ್ನೇ ಪಕ್ಕದವಳಿಗೆ ಕಣ್ಸನ್ನೆ ಮಾಡಿ ತೋರಿಸಿದೆ.

ಇವತ್ತು ಬೆಳಿಗ್ಗೆ ಬಿದಿರುಮೆಳೆಯಿಂದ ಹೇಂಟೆ ಸೊರಗಿ ಹೊರಬಂತು, ಹಿಂದೆ ಒಂಬತ್ತು ಮರಿ. ದೇವರಾಣೆ ಅಕ್ಕ, ಆಗಲೂ ನೀವೇ ಬಚ್ಚಿಟ್ಟು ಬಿಟ್ಟಿರಬೇಕು ಅನ್ನಿಸಿತು. ಮೆಳೆಯೊಳಗೆ ತೆವಳಿ ನೋಡಿದೆ. ತರಗೆಲೆಯ ಗೂಡು, ಒಡೆದ ಚಿಪ್ಪು, ಮರಿಯಾಗದ ಒಂದು ಮೊಟ್ಟೆ. ನನ್ನ ತಣ್ಣೀರಿಗೆ ಹೆದರಿ ಅದು ಕದ್ದು ಮೊಟ್ಟೆಯಿಟ್ಟು, ಕದ್ದು ಕಾವು ಕೂತಿತ್ತು.

ದೇವರ ಮುಂದೆ ಊದಿನಕಡ್ಡಿ ಹಚ್ಚಿದೆ, ಕ್ಷಮೆ ಕೇಳದೆ ಎದ್ದು ಬಂದೆ. ದೇವರಿಗಿಂತ ಮೊದಲು ನಿಮ್ಮನ್ನು ಕೇಳಬೇಕು. ಹುಣ್ಣಿಮೆಯ ದಿನ ಅದೇ ಅಂಗಳದಲ್ಲಿ, ಅದೇ ಜನರೆದುರು, ಸುಳ್ಳು ನನ್ನದೆಂದು ಹೇಳುತ್ತೇನೆ. ನೀವು ಬರಬೇಕು. ಮಧ್ಯದಲ್ಲೇ "ಇರ್ಲಿ ಬಿಡು" ಅಂದುಬಿಡುತ್ತೀರೆಂಬುದೇ ನನ್ನ ಭಯ. ಅನ್ನಬೇಡಿ. ನಾನು ಪೂರ್ತಿ ಹೇಳುವವರೆಗೆ ನಿಂತು ಕೇಳಿ.

ನಿಮ್ಮ ಮೊಮ್ಮಗು ನೂರು ವರ್ಷ ಬಾಳಲಿ.

ನಿಮ್ಮ ತಂಗಿ ಎನ್ನಿಸಿಕೊಳ್ಳುವ ಆಸೆಯಿರುವ,
ಚಿನ್-ಯೇ