ಎಲ್ಲಿ ಮುಟ್ಟಲಿ ಎಂದು ತೌನೋ ಕೇಳಿದ

ಮಂಗಳವಾರ, ನವೆಂಬರ್ 12. ಕುವೋಪಿಯೊ.

ತೊಡೆಯ ಮೇಲೆ ಮತ್ತೆ ದದ್ದುಗಳು ಎದ್ದಿವೆ. ಪೆನ್ನು ಹಿಡಿದ ಕೈ ಭುಜದಿಂದಲೇ ನೋಯುತ್ತಿದೆ. ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ವರ್ಷಗಳಿಂದ ದದ್ದಿಗೊಬ್ಬ ಡಾಕ್ಟರು, ಮೈನೋವಿಗೆ ಇನ್ನೊಬ್ಬರು. ಅವರಂತೂ ನೋವೆಲ್ಲ ಮನಸ್ಸಿನದೇ ಎಂದುಬಿಟ್ಟಿದ್ದರು. ಇಂದು ಚರ್ಮದ ಡಾಕ್ಟರ್ ಸಾಲ್ಮೆ ನನ್ನ ಹೆಗಲನ್ನು ಮೆಲ್ಲಗೆ ಒತ್ತಿದರು. ಚೀರಿದೆ.

"ಇದು ಫೈಬ್ರೊಮಯಾಲ್ಜಿಯ ಇರಬಹುದು, ಹೆಲ್ವಿ, ಮೈಯೆಲ್ಲ ನೋಯೋ ಕಾಯಿಲೆ. ವಾಸಿಯಾಗದ ದದ್ದು ಇರೋರಲ್ಲಿ ಎಷ್ಟೋ ಜನಕ್ಕೆ ಇದೂ ಇರತ್ತೆ. ಯಾವುದರಿಂದ ಯಾವುದು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಎರಡೂ ನಿಜ" ಎಂದರು.

ನಿಜ ಎಂಬ ಒಂದು ಮಾತಿಗೆ ಅಲ್ಲೇ ಅತ್ತುಬಿಟ್ಟೆ.

ಕಾರಿನಲ್ಲಿ ನನ್ನ ಗಂಡ ತೌನೋ, "ನಿನ್ನ ದದ್ದೂ ನೋವೂ ಒಂದೇ ಮನೇಲಿರೋ ಇಬ್ಬರು ಬಾಡಿಗೆದಾರರು ಅಂದ್ಕೊಂಡಿದ್ವಿ. ನೋಡಿದ್ರೆ ನೆಂಟರು!" ಎಂದ. ನಕ್ಕೆ.

ಅವನು ನನ್ನನ್ನು ಅಪ್ಪಿಕೊಂಡು ಬಹಳ ದಿನಗಳಾಗಿದ್ದವು. ಈ ಚರ್ಮ ಕಂಡು ಅಸಹ್ಯವಾಗಿರಬೇಕು ಎಂದುಕೊಂಡು ಕೇಳಿರಲೇ ಇಲ್ಲ. ಸಂಜೆ ಊಟಕ್ಕೆ ಕುಳಿತಾಗ ಅವನೇ ಹೇಳಿದ: "ಸವರಿದ್ರೆ ದದ್ದು ಏಳತ್ತೆ, ಒತ್ತಿದ್ರೆ ನೋಯತ್ತೆ. ನನ್ನ ಕೈಯಿಂದ ನಿಂಗೆ ನೋವಾಗ್ಬಾರ್ದು ಅಂತ ದೂರ ಇದ್ದೆ ಕಣೆ. ಎಲ್ಲಿ ಮುಟ್ಟಲಿ, ಹೇಳು?"

ನನಗೂ ಗೊತ್ತಿಲ್ಲ ಎಂದೆ. ಅವನು ಕೈ ಒರೆಸಿಕೊಂಡು, ನನ್ನ ಕಿವಿಯ ಹಿಂದೆ ಅಂಗೈ ಇಟ್ಟ. ಒತ್ತಲಿಲ್ಲ, ಸವರಲಿಲ್ಲ.

"ನೋಯತ್ತಾ?"

"ಸ್ವಲ್ಪ."

ತೆಗೆಯಲು ಹೋದ. ಆ ಕೈಯನ್ನು ಅಲ್ಲೇ ಹಿಡಿದುಕೊಂಡೆ. ಮೀನಿನ ಸಾರು ಆರಿ ತಣ್ಣಗಾಯಿತು, ಇಬ್ಬರೂ ಏಳಲಿಲ್ಲ.

ಈಗ ಮಂಚದಿಂದ ಕರೆಯುತ್ತಿದ್ದಾನೆ, ದೀಪ ಆರಿಸಿ ಬಾ ಎಂದು. ಪೆನ್ನು ಇಡುತ್ತೇನೆ.