ಮೂರೂರಿನ ಶಾಲು

ನವೆಂಬರ್ 9, ಭಾನುವಾರ

ಇದೊಂದನ್ನು ಬರೆಯದೇ ಬಿಡೋಣ ಅಂತಿದ್ದೆ. ಶಾಲು ಹೊದಿಸಿದಾಗ ಖುಷಿಯಾಯಿತು. ಬಹಳ.

ಎಂಟನೇ ಕ್ಲಾಸಿನ ಇಂಗ್ಲಿಷ್ ಪೇಪರ್ ತಿದ್ದುತ್ತಿದ್ದೆ. ಮೂರೂರು ಸಮಿತಿಯವರು ಬಂದರು. ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಆಗುತ್ತಿದೆಯಲ್ಲ. ಹೊಸ ಕಾನೂನಿನಂತೆ ಮೇಯರನ್ನು ಜನರೇ ಆರಿಸಬೇಕು. ಮೊದಲ ಸಲ ಮಹಿಳೆಗೆ ಮೀಸಲು. ಸಮಿತಿಯಿಂದ ಯಾವ ಊರಿನವಳನ್ನು ನಿಲ್ಲಿಸಬೇಕು ಅನ್ನುವುದರಲ್ಲೇ ಜಗಳ. ಅಧ್ಯಕ್ಷರು ಸಂಗಮನಾಥ ಮಾಮಾ, ನಮ್ಮ ಅತ್ತೆಯ ಅಣ್ಣ.

"ಹುಟ್ಟಿದ್ದು ಯಾದಗಿರಿ, ಕೊಟ್ಟಿದ್ದು ಸುರಪುರ, ನೌಕರಿ ಶಹಾಪುರ. ಹಿಂಗ ಮೂರೂ ಊರಿಗೆ ಹೊಂದಾಕಿ ಇನ್ಯಾರದಾರವಾ, ಸುಮಂಗಲಾ?"

"ಮಾಮಾ, ಒಂದಿನ ವಿಚಾರ ಮಾಡಾಕರ ಬಿಡ್ರಿ..." ಅನ್ನುವಷ್ಟರಲ್ಲಿ ಹೆಗಲ ಮೇಲೆ ಶಾಲು. ಚಪ್ಪಾಳೆ. ಫೋಟೋ. ಇಲ್ಲಿ ಶಾಲು ಹೊದಿಸಿಕೊಂಡರೆ ಒಪ್ಪಿದ ಹಾಗೆ. ಗೊತ್ತಿತ್ತು. ತೆಗೆಯಲಿಲ್ಲ.

ನವೆಂಬರ್ 10

ಸ್ಟಾಫ್ ರೂಮಿನಲ್ಲಿ ಪರಿಮಳಾ: "ಮೇಯರ್ ಮೇಡಂ, ಈ ಫ್ಯಾನ್ ತಿರುಗವಲ್ದು. ಒಂದ್ ಆರ್ಡರ್ ಮಾಡ್ರಿ!" ಎಲ್ಲರೂ ನಕ್ಕರು. ನಾನೂ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ರಾಬಿಯಾ. ಎರಡು ಸಲ ಶಹಾಪುರ ನಗರಸಭೆ ಸದಸ್ಯೆ. ಮೂರೂರು ಒಂದಾದರೆ ಕುಡಿಯುವ ನೀರಿಗೆ ಒಂದೇ ದೊಡ್ಡ ಲೈನ್ ಬರುತ್ತದೆ ಅಂತ ಮನೆಮನೆ ತಿರುಗಿದವಳು ಅವಳೇ. ಮೇಯರ್ ಆಗುವ ಆಸೆಯೂ ಅವಳದೇ. ಎಲ್ಲರಿಗೂ ಗೊತ್ತು.

"ಮುಬಾರಕ್, ಟೀಚರ್. ನೀರಿನ ಲೈನಿಂದು ಏನರ ಕೇಳೂದಿದ್ರ ಫೋನ್ ಮಾಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

ನವೆಂಬರ್ 13

ಸಮಿತಿ ಮೀಟಿಂಗ್. ಮುಖ್ಯ ಆಫೀಸು ಯಾದಗಿರಿಯಲ್ಲೋ ಸುರಪುರದಲ್ಲೋ — ಕೂಗಾಟ. ನಾನು ಬಾಯಿ ತೆರೆದೆ.

"ನೀ ಸುಮ್ಮ ಕೂಡವಾ," ಅಂದರು ಮಾಮಾ. "ಒಂದೂರಿನ ಪರ ಮಾತಾಡಿದಿ ಅಂದ್ರ ಉಳಿದೆರಡು ಊರು ಕೈ ಬಿಟ್ಟು ಹೋಗ್ತಾವ. ನೀ ಏನೂ ಅನ್ನಾಕಿ ಅಲ್ಲ ಅಂತನ ನಿನ್ನ ಆರಿಸೀವಿ."

ಪ್ರೀತಿಯಿಂದಲೇ ಅಂದರು.

ನನಗೆ ಬೇಕಿದ್ದದ್ದು ಆ ಕೆಲಸವೋ, ಆ ಚಪ್ಪಾಳೆಯೋ? ನಾಲ್ಕು ದಿನ ಹಿಂದೆ ಕೇಳಿಕೊಂಡಿದ್ದರೂ ಚಪ್ಪಾಳೆ ಅಂತಲೇ ಉತ್ತರ ಬರುತ್ತಿತ್ತು.

ನವೆಂಬರ್ 15, ಮುಂಜಾನೆ

ಅತ್ತೆಗೆ ಹೇಳಲು ಹೆದರಿಕೆ. ಓಣಿಗೆಲ್ಲ ಪೇಡೆ ಹಂಚಿದವರು. ರೊಟ್ಟಿ ಬಡಿಯುತ್ತಿದ್ದರು.

"ಅತ್ತಿ, ಮೇಯರ್‌ಗಿರಿ ನಾ ಒಲ್ಲೆ."

ಕೈ ನಿಲ್ಲಲಿಲ್ಲ. "ಬಾಳ ಚಲೋ ಆತು. ಬಂದೋರಿಗೆ ಚಾ ಮಾಡಿ ಮಾಡಿ ಒಂದ್ ವಾರಕ್ಕ ನನ್ನ ಸೊಂಟ ಹೋಗ್ಯದ. ಐದು ವರ್ಷ ಯಾರು ಮಾಡ್ಬೇಕು?"

"ಮತ್ತ ಶಾಲು?"

"ತಿರುಗಿ ಕೊಟ್ರ ಅವಮಾನ. ಇನ್ನೊಬ್ರಿಗೆ ಹೊಚ್ಚು. ಹೊಸಾದು ಅಂತ ತಿಳಿದೀಯೇನು? ಹ್ವಾದ ವರ್ಷ ನಮ್ಮಣ್ಣಗ ನಾವ ಹೊಚ್ಚಿದ್ದು ಅದು. ಮೂಲ್ಯಾಗ ಅರಿಷಿಣದ ಕಲಿ ಅದ, ನೋಡು ಹೋಗು."

ನೋಡಿದೆ. ಇತ್ತು! ಒಬ್ಬಳೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನವೆಂಬರ್ 16, ಭಾನುವಾರ

ಹೆಸರು ಘೋಷಿಸುವ ಸಭೆ ದೋರನಹಳ್ಳಿಯಲ್ಲಿ. ಮೂರರಲ್ಲಿ ಯಾವ ಊರೂ ಅಲ್ಲ ಅಂತ. ಮೈಕ್ ನನ್ನ ಕೈಗೆ ಕೊಟ್ಟರು.

"ನಾ ಮೂರೂ ಊರಿನಾಕಿ, ಖರೆ. ಆದ್ರ ಮೂರೂ ಊರಿಗಾಗಿ ತಿರುಗಿದಾಕಿ ಅಲ್ಲಿ ಕುಂತಾಳ. ನೀವು ಆಕಿನ್ನ ನಿಲ್ಲಸ್ರಿ."

ಕೆಳಗಿಳಿದು ರಾಬಿಯಾಗೆ ಶಾಲು ಹೊದಿಸಿದೆ. ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ಹೊಡೆದರು. ನಿಲ್ಲಿಸಲೇ ಇಲ್ಲ. ಮಾಮಾ ಮುಖ ಗಂಟಿಕ್ಕಿಕೊಂಡರು. ಆದರೆ ಹೊದಿಸಿದ ಶಾಲು ತೆಗೆ ಅನ್ನಲು ಅವರಿಂದಲೂ ಆಗಲಿಲ್ಲ.

ರಾಬಿಯಾ ಕಿವಿಯಲ್ಲಿ ಅಂದಳು: "ಒಂದಿನ ವಿಚಾರ ಮಾಡಾಕರ ಬಿಡಬೇಕಿಲ್ಲೇನ್ರಿ, ಟೀಚರ್?" ಶಾಲಿನ ಎರಡೂ ಅಂಚು ಗಟ್ಟಿ ಹಿಡಿದುಕೊಂಡೇ.

ಬಸ್ಸಿನಲ್ಲಿ ಕಿಟಕಿ ಸೀಟು. ಗಾಳಿ. ವಾರದ ಮೇಲೆ ಮೊದಲ ಸಲ ನಿದ್ದೆ ಹತ್ತಿತು. ಚಪ್ಪಾಳೆ ಇವತ್ತೂ ಖುಷಿ ಕೊಟ್ಟಿತು — ಅದನ್ನೂ ಮುಚ್ಚಿಡುವುದಿಲ್ಲ.

ಬಾಯಿಮಾತು ನಡೆಯದು, ಒಲ್ಲೆ ಅಂತ ಬರೆದು ಸಮಿತಿಯ ಯಾದಗಿರಿ ಆಫೀಸಿಗೆ ಕಳಿಸು ಅಂದಿದ್ದಾರೆ ಮಾಮಾ. ಬರೆದೆ. ಎರಡೇ ಸಾಲು. ಇವತ್ತು ಪೋಸ್ಟ್ ಆಫೀಸ್ ಇಲ್ಲ. ಹಾಕುವುದು ನಾಳೆ, ಸೋಮವಾರ, ನವೆಂಬರ್ 17.