ಆರು ವಾರ ಬಿಟ್ಟು ಬನ್ನಿ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಚಿನ್ನು,

ನೀನೂ ಅಳಿಯಂದಿರೂ ಕ್ಷೇಮವೆಂದುಕೊಂಡಿದ್ದೇನೆ. ನಿನಗೆ ಮೂರು ತಿಂಗಳು ತುಂಬಿದ ಸುದ್ದಿ ತಿಳಿದು ಮೂರು ವಾರವಾದರೂ ಒಂದು ಕಾಗದ ಹಾಕಲಿಲ್ಲ, ಬೈಯಬೇಡ. ಫೋನಿನಲ್ಲಿ ಹೇಳಲು ಹೋದರೆ ಬೇರೆ ಮಾತಿಗೆ ಹೊರಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಇಷ್ಟು ದಪ್ಪ ಯಾಕೆಂದು ನಗಲೂ ಬೇಡ. ಸಣ್ಣದಾಗಿ ಬರೆದರೆ ನನಗೇ ಕಾಣುವುದಿಲ್ಲ.

ಹೋದ ತಿಂಗಳು ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತ, ನೀಲಿ ಬಟ್ಟೆಗೆ ಕಪ್ಪು ದಾರ ಹಾಕಿ ಆರು ಅಂಗಿ ಮುಗಿಸಿಬಿಟ್ಟಿದ್ದೆ. ಕಾಜಾ ಹಾಕುವ ಅಕ್ಕ ಒಂದನ್ನು ಬೆಳಕಿಗೆ ಹಿಡಿದು, "ಇದೇನು, ಹೊಸ ಫ್ಯಾಷನ್ನಾ? ಮೊದ್ಲು ಕಣ್ಣು ತೋರಿಸ್ಕೊಂಡು ಬಾ, ಆಮೇಲೆ ಮಿಷನ್ ತುಳಿ" ಎಂದು ನನ್ನನ್ನು ದಬ್ಬಿಕೊಂಡೇ ಕರೆದೊಯ್ದಳು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದರು.

"ನನಗೆಲ್ಲಿದೆ ಸಾರ್?"

"ಬಸುರಿ ಆಗಿದ್ದಾಗ ಬಂದಿತ್ತಾ?"

"ಬಂದಿತ್ತು. ಹೆರಿಗೆ ಆದ್ಮೇಲೆ ಹೋಯ್ತು."

"ಹೋಗಿದ್ದು ನಿಜ. ಆದ್ರೆ ವಾಪಸ್ ಬರೋ ದಾರಿ ನೋಡ್ಕೊಂಡು ಹೋಗಿತ್ತಮ್ಮ. ವರ್ಷ ವರ್ಷ ಪರೀಕ್ಷೆ ಮಾಡಿಸಿದ್ರೆ ಬೇಗ ಗೊತ್ತಾಗ್ತಿತ್ತು."

ಇಪ್ಪತ್ತಾರು ವರ್ಷ, ಚಿನ್ನು. ಹುಟ್ಟಿದಾಗ ನೀನು ನಾಲ್ಕೂವರೆ ಕಿಲೋ. ವಾರ್ಡಿನವರೆಲ್ಲ ಬಂದು ನೋಡಿ ಹೋದರು, ನಿಮ್ಮಪ್ಪ ಬೀಗಿದ್ದೇ ಬೀಗಿದ್ದು. ಹೆರಿಗೆ ಮಾಡಿಸಿದ ಡಾಕ್ಟರಮ್ಮ, ಸಕ್ಕರೆ ಮತ್ತೆ ಪರೀಕ್ಷಿಸಲೆಂದು, ಚೀಟಿಯಲ್ಲಿ 'ಆರು ವಾರ ಬಿಟ್ಟು ಬನ್ನಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆರನೇ ವಾರ ನಿನಗೆ ಜ್ವರ. ಏಳನೇ ವಾರ ನಾನು ಹೊಲಿಗೆ ಯಂತ್ರದ ಮುಂದೆ. ನೋವಿಲ್ಲ, ನರಳಾಟವಿಲ್ಲ, ಆಸ್ಪತ್ರೆ ಯಾಕೆ ಎಂದುಕೊಂಡೆ.

ಈಗ ಮಾತ್ರೆ ಶುರುವಾಗಿದೆ. ಸಕ್ಕರೆಯಿಂದ ಕೆಟ್ಟ ಕಣ್ಣಿಗೆ ಎರಡು ಸಲ ಲೇಸರ್ ಆಯಿತು. ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬಹುದಂತೆ, ಹೋದದ್ದು ಬರುವುದು ಕಷ್ಟವಂತೆ. ಹೊಲಿಗೆ ಅಕ್ಕನದು, ಇಸ್ತ್ರಿ ನನ್ನದು ಎಂದು ಕೆಲಸ ಹಂಚಿಕೊಂಡಿದ್ದೇವೆ.

ನೀನು ಮಾಡಬೇಕಾದದ್ದು ಇಷ್ಟೇ. ನಾಳೆಯೇ ನಿನ್ನ ಡಾಕ್ಟರ ಬಳಿ ಹೋಗಿ, ಅಮ್ಮನಿಗೆ ಬಸುರಿನಲ್ಲಿ ಸಕ್ಕರೆ ಇತ್ತು ಎಂದು ಬಾಯಿಬಿಟ್ಟು ಹೇಳು. ಆರನೇ ತಿಂಗಳಲ್ಲಿ ಮಾಡುವ ಸಕ್ಕರೆ ಪರೀಕ್ಷೆಯನ್ನು ನಿನ್ನಂಥವರಿಗೆ ಈಗಲೇ ಒಮ್ಮೆ ಮಾಡುತ್ತಾರಂತೆ, ಆರನೇ ತಿಂಗಳಲ್ಲಿ ಇನ್ನೊಮ್ಮೆಯೂ ಮಾಡುತ್ತಾರಂತೆ. ಇದೆ ಎಂದರೂ ಹೆದರಬೇಡ. ಊಟ, ನಡಿಗೆ, ಬೇಕಾದರೆ ಔಷಧಿ, ಇವುಗಳಿಂದ ಹಿಡಿತಕ್ಕೆ ಬರುತ್ತದೆ. ಮಗು ಹುಟ್ಟಿದ ಮೇಲೂ ಕೈಬಿಡಬೇಡ. ಆರನೇ ವಾರಕ್ಕೆ ನಾನೇ ಬರುತ್ತೇನೆ. ನಾನು ಮಗುವನ್ನೆತ್ತಿಕೊಂಡು ಕೂತಿರುತ್ತೇನೆ, ನೀನು ರಕ್ತ ಕೊಟ್ಟು ಬಾ.

ಹೊಟ್ಟೆಯಲ್ಲಿರುವ ಜೀವವೂ ನೀನೂ ತಣ್ಣಗಿರಿ.

ನಿನ್ನ ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಆ ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ದರು: "ಬಸುರಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಿಗೆ ಮುಂದೆ ಮೈ ಬರೋದು ಜಾಸ್ತಿ. ಬೈಬೇಡಿ, ಜೊತೇಲಿ ಓಡಾಡ್ಸಿ, ಆಡ್ಸಿ." ನಿನಗೆ ಹದಿಮೂರಾದಾಗ, ಅಂಗಡಿ ತುಂಬ ಗಿರಾಕಿಗಳಿರುವಾಗ, ನಿನ್ನ ಸೊಂಟಕ್ಕೆ ಟೇಪು ಸುತ್ತಿ ಅಳತೆಯನ್ನು ಗಟ್ಟಿಯಾಗಿ ಕೂಗಿದೆ. "ತಿನ್ನೋದು ಕಮ್ಮಿ ಮಾಡೇ, ಬಟ್ಟೆ ಸಾಲಲ್ಲ" ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಅಂದಿನಿಂದ ನೀನು ನನ್ನೆದುರು ಹೊಟ್ಟೆ ತುಂಬ ಉಂಡದ್ದನ್ನು ನಾನು ಕಂಡಿಲ್ಲ. ತಪ್ಪು ನಿನ್ನ ಬಾಯಿಯದಲ್ಲ, ಚಿನ್ನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಗಿದೆ.